ಟಪಟಪ ದೋಣಿ ಹಿಂದಕ್ಕೆ ಯಾಕೆ ಹೋಗುವುದಿಲ್ಲ?

ತಗಡಿನ ಟಪಟಪ ದೋಣಿ ಗೊತ್ತಲ್ಲ? ಜಾತ್ರೆಯಲ್ಲಿ ಅಗಲವಾದ ಬೋಗುಣಿಗೆ ನೀರು ತುಂಬಿಸಿ, ಅದರಲ್ಲಿ ಸುತ್ತು ಹೊಡೆಸುತ್ತಾ ಮಾರುತ್ತಿದ್ದರಲ್ಲ, ಅದೇ. ಗೇಣುದ್ದವೂ ಇರುವುದಿಲ್ಲ. ಮೈಮೇಲೆ ಕೆಂಪು, ಹಸಿರು, ಹಳದಿ ಬಣ್ಣ. ಒಳಗೆ ಒಂದು ಪುಟ್ಟ ದೀಪ. ದೀಪ ಹಚ್ಚಿ ನೀರಿಗೆ ಬಿಟ್ಟರೆ ಸ್ವಲ್ಪ ಹೊತ್ತು ಸುಮ್ನೆ ತೇಲುತ್ತದೆ. ಆಮೇಲೆ ಒಮ್ಮೆ ಟಪ್ ಅನ್ನುತ್ತದೆ. ಮತ್ತೆ ಒಮ್ಮೆ. ಅಷ್ಟಾದ ಮೇಲೆ ಟಪಟಪಟಪ ಅಂತ ಹೊರಟೇಬಿಡುತ್ತದೆ. ಕೀಲಿ ಕೊಡಬೇಕಿಲ್ಲ, ಸೆಲ್ ಹಾಕಬೇಕಿಲ್ಲ. ಹಿಂದೆ ತಿರುಗುವ ರೆಕ್ಕೆಯೂ ಇಲ್ಲ.

ಇರುವುದು ಹಿಂಭಾಗದಲ್ಲಿ ನೀರಿನೊಳಗೆ ಮುಳುಗಿದ ಎರಡು ಸಣ್ಣ ಕೊಳವೆ. ಆ ಕೊಳವೆಗಳಿಂದ ನೀರು ಹೊರಗೆ ಬರುತ್ತದೆ. ಅದೇ ಕೊಳವೆಗಳಿಂದ ನೀರು ಒಳಗೂ ಹೋಗುತ್ತದೆ. ಎಷ್ಟು ಹೊರಗೆ ಬಂತೋ ಅಷ್ಟೇ ಒಳಗೆ. ಹಾಗಿದ್ದರೆ ದೋಣಿ ಒಂದಿಷ್ಟು ಮುಂದೆ ಹೋಗಿ, ಮತ್ತೆ ಅಷ್ಟೇ ಹಿಂದೆ ಬಂದು, ನಿಂತಲ್ಲೇ ಅಲುಗಾಡುತ್ತಾ ಇರಬೇಕಿತ್ತು. ಹಾಗೆ ಆಗುವುದಿಲ್ಲ. ಅದು ಮುಂದಕ್ಕೇ ಹೋಗುತ್ತದೆ. ಯಾಕೆ?

ನನಗೆ ಈ ದೋಣಿ ಮತ್ತೆ ಸಿಕ್ಕಿದ್ದು ಅಕ್ಕನಿಂದ. ಅವಳು ಇರುವುದು ಚಿತ್ರದುರ್ಗದಲ್ಲಿ, ನಾನು ದಾವಣಗೆರೆಯಲ್ಲಿ. ನಾವು ಚಿಕ್ಕವರಿದ್ದಾಗ ಎರಡೂ ಒಂದೇ ಜಿಲ್ಲೆ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಯಿತು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆ ಮುಗಿಸಿ ಅವಳು ನಮ್ಮ ಮನೆಗೆ ಬಂದಳು. ಚೀಲದಿಂದ ಚಳ್ಳಕೆರೆ ಕಡೆಯ ಶೇಂಗಾ ತೆಗೆದಿಟ್ಟಳು, ಹುಣಸೆಹಣ್ಣು ತೆಗೆದಿಟ್ಟಳು. ಕೊನೆಗೆ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣ ನನ್ನ ಕೈಗೆ ಕೊಟ್ಟಳು. ಹುಟ್ಟುಹಬ್ಬ ಅಲ್ಲ, ಯಾವ ಹಬ್ಬವೂ ಅಲ್ಲ. ಬಿಚ್ಚಿ ನೋಡಿದರೆ ದೋಣಿ. "ಇದು ಹಿಂದಕ್ಕೆ ಯಾಕೆ ಹೋಗಲ್ಲ ಅಂತ ಅಪ್ಪನ ತಲೆ ತಿಂತಿದ್ದೆಯಲ್ಲ, ಈಗಲಾದ್ರೂ ಗೊತ್ತಾಯ್ತಾ?" ಅಂದಳು.

ಆ ಪ್ರಶ್ನೆ ಕೇಳಿದ್ದು ನನಗೆ ಮರೆತೇ ಹೋಗಿತ್ತು. ಅವಳಿಗೆ ನೆನಪಿತ್ತು. ನನ್ನ ಬಾಲ್ಯದ ಒಂದು ತುಂಡು ಇಷ್ಟು ವರ್ಷ ಅವಳ ಹತ್ತಿರ ಜೋಪಾನವಾಗಿತ್ತು ಅನ್ನುವುದು ಗೊತ್ತಾದಾಗ ಗಂಟಲು ಕಟ್ಟಿತು.

ಇದೇ ದೋಣಿಯನ್ನು ನಾನೇ ಕೊಂಡು ತರಬಹುದಿತ್ತು. ಆನ್‌ಲೈನಿನಲ್ಲೂ ಸಿಗುತ್ತದೆ. ಆದರೆ ಹಾಗೆ ಕೊಂಡಿದ್ದರೆ ಇಷ್ಟು ತಟ್ಟುತ್ತಿರಲಿಲ್ಲ. ಇದು ಬರೀ ಭಾವುಕತೆಯ ಮಾತಲ್ಲ. ವೋಲ್ಫ್ರಾಮ್ ಶುಲ್ಟ್ಸ್ ಎಂಬ ನರವಿಜ್ಞಾನಿ 1990ರ ದಶಕದಲ್ಲಿ ಕೋತಿಗಳ ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಮೂಲಕ ಸುದ್ದಿ ಕಳಿಸುವ ಕೋಶಗಳನ್ನು ಗಮನಿಸಿದರು. ಹಣ್ಣಿನ ರಸ ಇದ್ದಕ್ಕಿದ್ದಂತೆ ಸಿಕ್ಕಾಗ ಆ ಕೋಶಗಳು ಜೋರಾಗಿ ಮಿಡಿಯುತ್ತಿದ್ದವು. ರಸ ಬರುವ ಮುನ್ನ ದಿನಾ ಒಂದು ಸೂಚನೆ ಕೊಟ್ಟು ಅಭ್ಯಾಸ ಮಾಡಿಸಿದ ಮೇಲೆ, ರಸ ಬಾಯಿಗೆ ಬಿದ್ದ ಕ್ಷಣಕ್ಕೆ ಆ ಜೋರು ಇರಲಿಲ್ಲ. ರಸ ಅದೇ, ರುಚಿ ಅದೇ. ನಿರೀಕ್ಷೆಗಿಂತ ಎಷ್ಟು ಜಾಸ್ತಿ ಸಿಕ್ಕಿತು ಎನ್ನುವುದನ್ನು ಈ ಕೋಶಗಳು ಲೆಕ್ಕ ಹಾಕುತ್ತವೆ. ನಾವೇ ಆರ್ಡರ್ ಮಾಡಿದ ಆಟಿಕೆ ಮನೆ ಬಾಗಿಲಿಗೆ ಬರುವ ಹೊತ್ತಿಗೆ ಮನಸ್ಸು ಅದನ್ನು ಆಗಲೇ ಜಮಾ ಮಾಡಿಕೊಂಡಿರುತ್ತದೆ. ಪೇಪರ್ ಪೊಟ್ಟಣದಲ್ಲಿ ಏನಿದೆ ಅಂತ ಗೊತ್ತಿಲ್ಲದಿದ್ದಾಗ ಪೂರ್ತಿ ಸಂತೋಷ ಒಂದೇ ಏಟಿಗೆ ಬರುತ್ತದೆ.

ನೆನಪು ಮರಳಿದ್ದಕ್ಕೂ ಕಾರಣ ಇದೆ. 1975ರಲ್ಲಿ ಗಾಡನ್ ಮತ್ತು ಬ್ಯಾಡ್ಲಿ ಎಂಬ ಇಬ್ಬರು ಬ್ರಿಟಿಷ್ ಮನೋವಿಜ್ಞಾನಿಗಳು ಮುಳುಗುಗಾರರಿಗೆ ಒಂದಷ್ಟು ಪದ ಕಲಿಸಿದರು, ಕೆಲವನ್ನು ನೀರಿನ ಕೆಳಗೆ, ಕೆಲವನ್ನು ದಡದಲ್ಲಿ. ನೀರಿನ ಕೆಳಗೆ ಕಲಿತ ಪದಗಳು ನೀರಿನ ಕೆಳಗೇ ಜಾಸ್ತಿ ನೆನಪಾದವು. ಒಂದು ವಿಷಯ ಮನಸ್ಸಿಗೆ ಇಳಿದಾಗ ಸುತ್ತ ಏನೇನಿತ್ತೋ ಅದೂ ಜೊತೆಗೇ ಇಳಿದಿರುತ್ತದೆ. ಆ ಸುತ್ತಲಿನದ್ದು ಮತ್ತೆ ಸಿಕ್ಕರೆ ವಿಷಯವೂ ಎದ್ದು ಬರುತ್ತದೆ. ದೋಣಿಯ ವಿಚಾರದಲ್ಲಿ ಅದು ಕಾದ ತಗಡಿನ ವಾಸನೆ, ಬತ್ತಿಯ ಹೊಗೆ, ಆ ಟಪಟಪ ಸದ್ದು. ವಾಸನೆಗಂತೂ ಒಂದು ಅಡ್ಡದಾರಿಯೇ ಇದೆ. ಕಣ್ಣು, ಕಿವಿಗಳ ಸುದ್ದಿ ಥಲಾಮಸ್ ಎಂಬ ಠಾಣೆಯ ಮೂಲಕ ಮೆದುಳಿನ ಉಳಿದ ಭಾಗಗಳಿಗೆ ಹೋಗುತ್ತದೆ. ಮೂಗಿನ ಸುದ್ದಿ ಅಲ್ಲಿ ನಿಲ್ಲದೆ, ಭಾವನೆಯನ್ನೂ ನೆನಪನ್ನೂ ನೋಡಿಕೊಳ್ಳುವ ಭಾಗಗಳ ಹತ್ತಿರಕ್ಕೆ ನೇರವಾಗಿ ತಲುಪುತ್ತದೆ. ದೀಪ ಹಚ್ಚಿದ್ದೇ ತಡ, ನನಗೆ ದುರ್ಗದ ಮನೆಯ ಹಿತ್ತಲ ತೊಟ್ಟಿ ಕಣ್ಣಿಗೆ ಕಟ್ಟಿತು. ತೊಟ್ಟಿಯ ಪಕ್ಕ ಬಟ್ಟೆ ಒಗೆಯುವ ಕಲ್ಲು, ಕಲ್ಲಿನ ಮೇಲೆ ಕೂತ ಅಕ್ಕ.

ಹಳೆಯದನ್ನು ನೆನೆದು ಮನಸ್ಸು ತೇವವಾಗುವುದನ್ನು ಒಂದು ಕಾಲದಲ್ಲಿ ಕಾಯಿಲೆ ಅಂತಲೇ ತಿಳಿದಿದ್ದರು. 1688ರಲ್ಲಿ ಯೋಹಾನೆಸ್ ಹೋಫರ್ ಎಂಬ ಸ್ವಿಸ್ ವೈದ್ಯಕೀಯ ವಿದ್ಯಾರ್ಥಿ ಊರು ಬಿಟ್ಟವರ ಹಂಬಲವನ್ನು ರೋಗ ಎಂದೇ ವರ್ಣಿಸಿ ಪ್ರಬಂಧ ಬರೆದ. ಈಗಿನ ತಿಳಿವಳಿಕೆ ಬೇರೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಟಿಮ್ ವೈಲ್ಡ್‌ಶುಟ್, ಕಾನ್‌ಸ್ಟಂಟೈನ್ ಸೆಡಿಕಿಡೀಸ್ ಮತ್ತು ಅವರ ಜೊತೆಗಾರರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನ ಬರೆದುಕೊಟ್ಟ ಇಂಥ ನೆನಪುಗಳಲ್ಲಿ ಹೆಚ್ಚಾಗಿ ಹತ್ತಿರದ ಮನುಷ್ಯರು ಇದ್ದರು. ಹೀಗೆ ನೆನೆದವರಿಗೆ ತಮ್ಮವರು ಜೊತೆಗಿದ್ದಾರೆ ಅನ್ನುವ ಭಾವ ಹೆಚ್ಚಿತು. ಇದನ್ನು ಓದಿದಾಗ ನನಗೆ ಸರಿ ಅನ್ನಿಸಿತು. ದೋಣಿಯ ನೆನಪಿನಲ್ಲಿ ದೋಣಿ ಒಂದೇ ಇಲ್ಲ. ಕೊಳವೆಗೆ ನೀರು ತುಂಬಿಕೊಟ್ಟ ಅಪ್ಪ ಇದ್ದಾರೆ, ಗಾಳಿ ಬಾರದಂತೆ ಸೆರಗು ಅಡ್ಡ ಹಿಡಿದ ಅಮ್ಮ ಇದ್ದಾರೆ. ಉಡುಗೊರೆ ಕೊಟ್ಟವಳೂ ಆ ನೆನಪಿನೊಳಗೇ ಇರುವವಳು.

ಇನ್ನು ಅವಳ ಪ್ರಶ್ನೆಗೆ ಬರೋಣ. ಮೊದಲು ಇಂಜಿನ್.

ದೀಪದ ಮೇಲೆ ಒಂದು ಡಬ್ಬಿ

ದೋಣಿಯೊಳಗೆ, ದೀಪದ ನೇರ ಮೇಲೆ, ಒಂದು ಚಪ್ಪಟೆ ಲೋಹದ ಡಬ್ಬಿ ಇರುತ್ತದೆ. ಅದೇ ಬಾಯ್ಲರ್. ಅದರಿಂದ ಎರಡು ಕೊಳವೆ ಇಳಿಜಾರಾಗಿ ಹಿಂದಕ್ಕೆ ಹೋಗಿ ನೀರಿನೊಳಗೆ ಬಾಯಿ ತೆರೆದಿರುತ್ತವೆ. ಡಬ್ಬಿಯ ಮೇಲ್ಭಾಗ ಬಹಳ ತೆಳುವಾದ ಹಾಳೆ, ಒತ್ತಿದರೆ ಒಳಗೆ ಬಾಗುತ್ತದೆ. ಇಷ್ಟೇ ಇಂಜಿನ್. ಪಿಸ್ಟನ್ ಇಲ್ಲ, ಕವಾಟ ಇಲ್ಲ, ಸವೆಯುವ ಚಕ್ರ ಒಂದೂ ಇಲ್ಲ.

ಇಲ್ಲಿ ಒಂದು ತಪ್ಪು ಕಲ್ಪನೆ ಬಹಳ ಜನರಲ್ಲಿದೆ. ಎರಡು ಕೊಳವೆ ಇರುವುದರಿಂದ ಒಂದರಲ್ಲಿ ನೀರು ಒಳಗೆ ಬಂದು ಇನ್ನೊಂದರಲ್ಲಿ ಹೊರಗೆ ಹೋಗುತ್ತದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಎರಡೂ ಒಟ್ಟಿಗೇ ಉಗುಳುತ್ತವೆ, ಒಟ್ಟಿಗೇ ಎಳೆದುಕೊಳ್ಳುತ್ತವೆ. ಒಂದೇ ಕೊಳವೆ ಇದ್ದರೂ ದೋಣಿ ಓಡುತ್ತದೆ. ಎರಡನೆಯದು ಮುಖ್ಯವಾಗಿ ನೀರು ತುಂಬಿಸುವಾಗ ಬೇಕು. ಒಂದರಿಂದ ನೀರು ಬಿಟ್ಟರೆ ಒಳಗಿನ ಗಾಳಿ ಇನ್ನೊಂದರಿಂದ ಆಚೆ ಹೋಗಬೇಕಲ್ಲ, ಅದಕ್ಕೆ.

ದೀಪ ಹಚ್ಚಿದ ಮೇಲೆ ಡಬ್ಬಿಯೊಳಗಿನ ನೀರು ಕಾಯುತ್ತದೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವ ದಾವಣಗೆರೆಯಲ್ಲಿ ನೀರು 100 ಡಿಗ್ರಿ ತಲುಪುವ ಮೊದಲೇ, 98ರ ಆಸುಪಾಸಿನಲ್ಲಿ ಕುದಿಯುತ್ತದೆ. ನೀರು ಆವಿಯಾದರೆ ಅದಕ್ಕೆ ಬೇಕಾಗುವ ಜಾಗ ಸುಮಾರು 1,600 ಪಟ್ಟು ಹೆಚ್ಚುತ್ತದೆ. ನಮ್ಮೂರಿನ ಮಂಡಕ್ಕಿ ಭಟ್ಟಿಯಲ್ಲಿ ಕಾಣುವುದೂ ಇದೇ ಶಕ್ತಿ. ಕಾದ ಮರಳಿಗೆ ಅಕ್ಕಿ ಬಿದ್ದಾಗ ಕಾಳಿನೊಳಗಿನ ಚೂರೇ ಚೂರು ತೇವ ಆವಿಯಾಗಿ, ಜಾಗ ಸಾಲದೆ, ಇಡೀ ಕಾಳನ್ನು ಉಬ್ಬಿಸುತ್ತದೆ. ದೋಣಿಯಲ್ಲಿ ಆ ಆವಿಗೆ ಹೋಗಲು ಒಂದು ದಾರಿ ಇದೆ. ಅದು ಎದುರಿಗಿರುವ ನೀರನ್ನು ಕೊಳವೆಯ ಕಡೆಗೆ ತಳ್ಳುತ್ತದೆ. ಹಿಂಭಾಗದಿಂದ ನೀರು ರಭಸವಾಗಿ ಚಿಮ್ಮುತ್ತದೆ.

ಈಗ ಒಂದು ಸೂಕ್ಷ್ಮ ಇದೆ. ಕೊಳವೆಯಲ್ಲಿ ಓಡುತ್ತಿರುವ ನೀರಿಗೂ ತೂಕ ಇದೆ, ವೇಗ ಇದೆ. ತಳ್ಳುವುದು ನಿಂತ ತಕ್ಷಣ ಅದು ನಿಲ್ಲುವುದಿಲ್ಲ, ಇನ್ನೂ ಸ್ವಲ್ಪ ದೂರ ಹೋಗುತ್ತದೆ. ಹಾಗೆ ಹೋದಾಗ ಹಿಂದಿನ ಆವಿಗೆ ಜಾಗ ಹೆಚ್ಚಾಗಿ ಒತ್ತಡ ಇಳಿಯುತ್ತದೆ. ಜೊತೆಗೆ ಆ ಆವಿ ಕೊಳವೆಯ ತಣ್ಣನೆಯ ಭಾಗಕ್ಕೆ ಬಂದಿರುತ್ತದೆ. ಅಲ್ಲಿ ಅದು ಮತ್ತೆ ನೀರಾಗುತ್ತದೆ. 1,600 ಪಟ್ಟು ಹಿಗ್ಗಿದ್ದು ಅಷ್ಟೇ ಕುಗ್ಗುತ್ತದೆ. ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆಯಾಗುತ್ತದೆ. ಆಗ ಹೊರಗಿನ ವಾತಾವರಣವೇ ತೊಟ್ಟಿಯ ನೀರನ್ನು ಕೊಳವೆಯೊಳಕ್ಕೆ ನೂಕುತ್ತದೆ. ಆ ನೀರು ಬಂದು ಕಾದ ಡಬ್ಬಿಯನ್ನು ತಾಕುತ್ತದೆ, ಅದರಲ್ಲಿ ಒಂದು ಚೂರು ಆವಿಯಾಗುತ್ತದೆ, ಮತ್ತೆ ಮೊದಲಿನಿಂದ. ಇದೆಲ್ಲ ಒಂದೇ ಸೆಕೆಂಡಿನಲ್ಲಿ ಹಲವು ಸಲ ನಡೆಯುತ್ತದೆ. ಒತ್ತಡ ಏರಿದಾಗ ತೆಳು ಹಾಳೆ ಉಬ್ಬುತ್ತದೆ, ಇಳಿದಾಗ ಒಳಗೆ ಬಾಗುತ್ತದೆ. ಟಪಟಪ ಅನ್ನುವುದು ಆ ಹಾಳೆ.

ಆವಿ ತಳ್ಳುವುದಷ್ಟೇ ಅಲ್ಲ, ಆವಿ ಕುಗ್ಗುವುದೂ ಕೆಲಸ ಮಾಡುತ್ತದೆ ಎನ್ನುವುದು ಆವಿಯಂತ್ರಗಳ ಬಹಳ ಹಳೆಯ ಗುಟ್ಟು. 1698ರಲ್ಲಿ ಥಾಮಸ್ ಸೇವರಿ ಎಂಬ ಇಂಗ್ಲಿಷ್ ಸಂಶೋಧಕ ನೀರೆತ್ತುವ ಯಂತ್ರಕ್ಕೆ ಪೇಟೆಂಟ್ ಪಡೆದ. ಅದರಲ್ಲೂ ಪಿಸ್ಟನ್ ಇರಲಿಲ್ಲ. ಆವಿ ಕುಗ್ಗಿದಾಗ ನೀರು ಮೇಲಕ್ಕೆ ಬರುತ್ತಿತ್ತು, ಆವಿ ತಳ್ಳಿದಾಗ ಆಚೆ ಹೋಗುತ್ತಿತ್ತು. 1712ರ ನ್ಯೂಕಾಮೆನ್ ಇಂಜಿನ್ನೂ ಆವಿ ಕುಗ್ಗಿದಾಗ ಆಗುವ ಖಾಲಿ ಜಾಗವನ್ನೇ ನಂಬಿತ್ತು. ಕಲ್ಲಿದ್ದಲ ಗಣಿಗಳ ನೀರನ್ನು ಆಚೆ ಹಾಕಿದ ಆ ಭಾರೀ ಯಂತ್ರಗಳ ಮೂಲ ತತ್ವ ಜಾತ್ರೆಯ ತಗಡಿನಲ್ಲಿ ಹಾಗೇ ಕೂತಿದೆ. ಇದು ನನಗೆ ಎಷ್ಟು ಯೋಚಿಸಿದರೂ ಹಳತಾಗದ ಸಂಗತಿ.

ದೋಣಿಯ ಮಟ್ಟಿಗೆ ಹೇಳುವುದಾದರೆ, ಇದರ ಮೊದಲ ಪೇಟೆಂಟ್ ಎಂದು ಸಾಮಾನ್ಯವಾಗಿ ಹೇಳುವುದು 1891ರಲ್ಲಿ ಥಾಮಸ್ ಪಿಯೋ ಎಂಬ ಫ್ರೆಂಚ್ ವ್ಯಕ್ತಿ ಬ್ರಿಟನ್ನಿನಲ್ಲಿ ಸಲ್ಲಿಸಿದ ಅರ್ಜಿಯನ್ನು. ಅದರಲ್ಲೂ ಸಣ್ಣ ಬಾಯ್ಲರ್, ಎರಡು ಕೊಳವೆ. ಬಾಗುವ ಹಾಳೆಯ ಇಂಜಿನ್‌ಗೆ ಅಮೆರಿಕದ ಚಾರ್ಲ್ಸ್ ಮೆಕ್‌ಹ್ಯೂ 1915ರಲ್ಲಿ ಅರ್ಜಿ ಹಾಕಿದ. ಪ್ಲಾಸ್ಟಿಕ್ ಬಂದ ಮೇಲೆ ಜಗತ್ತಿನ ಬಹಳ ಕಡೆ ಇದು ಅಂಗಡಿಗಳಿಂದ ಮಾಯವಾಯಿತು. ಭಾರತದಲ್ಲಿ ಇನ್ನೂ ತಯಾರಾಗುತ್ತದೆ.

ಊದುವುದು ಬೇರೆ, ಎಳೆಯುವುದು ಬೇರೆ

ಸರಿ, ಮುಂದಕ್ಕೇ ಯಾಕೆ?

ಸೌದೆ ಒಲೆ ಇರುವ ಮನೆಗೆ ಹೋದಾಗ ಊದುಗೊಳವೆ ಕೈಗೆ ತೆಗೆದುಕೊಳ್ಳಿ. ದೂರದಿಂದ ಊದಿದರೂ ಗಾಳಿ ನೆಟ್ಟಗೆ ಹೋಗಿ ಕೆಂಡಕ್ಕೆ ತಾಕುತ್ತದೆ, ಕೆಂಡ ನಿಗಿನಿಗಿ ಹೊಳೆಯುತ್ತದೆ. ಈಗ ಅಷ್ಟೇ ದೂರದಲ್ಲಿ ಕೊಳವೆ ಇಟ್ಟು ಉಸಿರು ಎಳೆದುಕೊಳ್ಳಿ. ಕೆಂಡಕ್ಕೆ ಏನೂ ಗೊತ್ತಾಗುವುದಿಲ್ಲ. (ಹೊಗೆ ಬಾಯಿಗೆ ಬಾರದಷ್ಟು ದೂರದಲ್ಲಿ ಮಾಡಿ.) ಒಲೆ ಇಲ್ಲದಿದ್ದರೆ ಸ್ಟ್ರಾ ಮತ್ತು ಮೇಣದಬತ್ತಿ ಸಾಕು. ಊದಿ ಆರಿಸಬಹುದು. ಎಳೆದು ಆರಿಸಲು ಆಗುವುದಿಲ್ಲ.

ಕಾರಣ ಇಷ್ಟು. ಕೊಳವೆಯಿಂದ ಹೊರಗೆ ಹೋಗುವಾಗ ಗಾಳಿ ಅಥವಾ ನೀರು ಒಂದು ಧಾರೆಯಾಗಿ, ಕೊಳವೆ ಯಾವ ಕಡೆ ಮುಖ ಮಾಡಿದೆಯೋ ಆ ಕಡೆಗೇ ಹೋಗುತ್ತದೆ. ಒಳಗೆ ಬರುವಾಗ ಅದಕ್ಕೆ ಅಂಥ ಹಟ ಇಲ್ಲ. ಕೊಳವೆಯ ಬಾಯಿಯ ಸುತ್ತಮುತ್ತ, ಮೇಲಿಂದ, ಕೆಳಗಿಂದ, ಪಕ್ಕದಿಂದ, ಎಲ್ಲ ಕಡೆಯಿಂದ ನುಗ್ಗುತ್ತದೆ. ಹೊರಹೋಗುವ ಮತ್ತು ಒಳಬರುವ ನೀರಿನ ಪ್ರಮಾಣ ಒಂದೇ, ಆದರೆ ಓಟದ ರೀತಿ ಬೇರೆ.

ಇಷ್ಟು ಹೇಳಿದರೆ ಅರ್ಧ ಉತ್ತರ. ಇನ್ನರ್ಧ ಹೀಗಿದೆ. ನೀರನ್ನು ಹಿಂದಕ್ಕೆ ಎಸೆದಾಗ ದೋಣಿಗೆ ಮುಂದಕ್ಕೆ ಒಂದು ನೂಕು ಸಿಗುತ್ತದೆ, ನ್ಯೂಟನ್ನನ ಮೂರನೇ ನಿಯಮದ ಪ್ರಕಾರ. ಎಸೆದ ನೀರು ದೋಣಿಯನ್ನು ಬಿಟ್ಟು ದೂರ ಹೋಗಿಬಿಡುತ್ತದೆ, ಕೊಟ್ಟ ನೂಕನ್ನು ವಾಪಸ್ ಕೇಳಲು ಬರುವುದಿಲ್ಲ. ನೀರನ್ನು ಒಳಗೆ ಎಳೆದಾಗ ದೋಣಿಗೆ ಹಿಂದಕ್ಕೆ ಒಂದು ಜಗ್ಗು ಸಿಗುವುದು ನಿಜ. ಆದರೆ ಹಾಗೆ ಬಂದ ನೀರು ಎಲ್ಲಿಗೆ ಹೋಗುತ್ತದೆ? ದೋಣಿಯೊಳಕ್ಕೇ. ಮುಂದಕ್ಕೆ ಓಡಿ ಬಂದ ನೀರು ಡಬ್ಬಿಯ ಹತ್ತಿರ ತಡೆದು ನಿಲ್ಲುತ್ತದೆ. ನಿಲ್ಲುವಾಗ ತನ್ನ ವೇಗವನ್ನೆಲ್ಲ ದೋಣಿಗೆ ಮುಂದಕ್ಕೆ ಒಪ್ಪಿಸುತ್ತದೆ. ಹಿಂದಕ್ಕೆ ಸಿಕ್ಕ ಜಗ್ಗು, ಮುಂದಕ್ಕೆ ಸಿಕ್ಕ ಗುದ್ದು, ಎರಡೂ ಹೆಚ್ಚುಕಡಿಮೆ ಸಮ. ಎಳೆಯುವ ಸರದಿಯ ಲೆಕ್ಕ ಸೊನ್ನೆಯ ಹತ್ತಿರ ಬಂದು ನಿಲ್ಲುತ್ತದೆ. ಉಗುಳುವ ಸರದಿಯ ಲಾಭ ಮಾತ್ರ ಉಳಿಯುತ್ತದೆ. ಪ್ರತಿ ಟಪ್‌ಗೂ ಸ್ವಲ್ಪ ಸ್ವಲ್ಪ ಲಾಭ, ಅದು ಸೇರಿ ಸೇರಿ ಓಟ.

ದೋಣಿಯನ್ನು ಹತ್ತಿರದಿಂದ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ನೀರಿಗೆ ಒಂದು ಹನಿ ಇಂಕು ಅಥವಾ ಅರಿಶಿನದ ನೀರು ಕೊಳವೆಯ ಹಿಂದೆ ಬಿಡಿ. ಬಣ್ಣ ಹಿಂದಕ್ಕೆ ಉದ್ದುದ್ದ ಸಾಗುವುದು ಕಾಣುತ್ತದೆ.

ಭೌತಶಾಸ್ತ್ರಜ್ಞರು ಈ ಆಟಿಕೆಯನ್ನು ಹಗುರವಾಗಿ ನೋಡಿಲ್ಲ. 1963ರಲ್ಲಿ ಅಮೆರಿಕದ ಒಂದು ಭೌತಶಾಸ್ತ್ರ ಪತ್ರಿಕೆಯಲ್ಲಿ ಫಿನ್ನಿ ಮತ್ತು ಕರ್ಲ್ ಎಂಬ ಇಬ್ಬರು ಇದರ ಬಗ್ಗೆಯೇ ಲೇಖನ ಬರೆದರು. ಇದರ ದಾಯಾದಿ ಪ್ರಶ್ನೆಯೊಂದು ಇನ್ನೂ ಹಳೆಯದು. ಹುಲ್ಲಿಗೆ ನೀರು ಚಿಮುಕಿಸುವ ತಿರುಗುವ ಸ್ಪ್ರಿಂಕ್ಲರ್ ಇರುತ್ತದಲ್ಲ, ಅದನ್ನು ನೀರಿನಲ್ಲಿ ಮುಳುಗಿಸಿ, ನೀರು ಉಗುಳುವ ಬದಲು ಎಳೆದುಕೊಳ್ಳುವಂತೆ ಮಾಡಿದರೆ ಯಾವ ಕಡೆ ತಿರುಗುತ್ತದೆ? ಆಸ್ಟ್ರಿಯಾದ ಭೌತಶಾಸ್ತ್ರಜ್ಞ ಎರ್ನ್‌ಸ್ಟ್ ಮಾಖ್ 1883ರಲ್ಲೇ ಇದನ್ನು ಚರ್ಚಿಸಿದ್ದ. 1940ರ ಸುಮಾರಿಗೆ ಪ್ರಿನ್ಸ್‌ಟನ್‌ನಲ್ಲಿ ವಿದ್ಯಾರ್ಥಿಯಾಗಿದ್ದ ರಿಚರ್ಡ್ ಫೈನ್‌ಮನ್ ಇದನ್ನು ದೊಡ್ಡ ಗಾಜಿನ ಜಾಡಿಯಲ್ಲಿ ಪರೀಕ್ಷಿಸಲು ಹೋಗಿ, ಒತ್ತಡ ಏರಿಸುತ್ತಾ ಹೋದಾಗ ಜಾಡಿ ಸಿಡಿದು ಪ್ರಯೋಗಶಾಲೆಯ ತುಂಬ ನೀರು, ಗಾಜು. ಮುಂದೆ ನೊಬೆಲ್ ಪಡೆದ ಮನುಷ್ಯ ಅವರು. 2024ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ತಂಡವೊಂದು ಬಹಳ ಕಡಿಮೆ ಘರ್ಷಣೆಯ ಉಪಕರಣ ಕಟ್ಟಿ ಅಳೆದು ನೋಡಿತು. ಎಳೆಯುವ ಸ್ಪ್ರಿಂಕ್ಲರ್ ಉಲ್ಟಾ ದಿಕ್ಕಿಗೆ ತಿರುಗುತ್ತದೆ, ಆದರೆ ಉಗುಳುವಾಗಿನ ವೇಗಕ್ಕಿಂತ ಸುಮಾರು 50 ಪಟ್ಟು ನಿಧಾನವಾಗಿ. ನೀರು ಒಳಗೆ ಬಂದು ಎದುರುಬದುರು ಸೇರುವಾಗ ಧಾರೆಗಳು ನೇರಾನೇರ ಡಿಕ್ಕಿ ಹೊಡೆಯದೆ ಕೊಂಚ ಪಕ್ಕಕ್ಕೆ ಸರಿದಿರುತ್ತವೆ, ಅಷ್ಟರ ಮಟ್ಟಿಗಿನ ತಿರುಗು ಉಳಿಯುತ್ತದೆ ಎಂದು ತೋರಿಸಿತು. ಎಳೆಯುವುದರಿಂದ ಆಗುವ ಪರಿಣಾಮ ಉಗುಳುವುದಕ್ಕಿಂತ ಎಷ್ಟು ಚಿಕ್ಕದು ಅನ್ನುವುದು ಇದರಿಂದಲೂ ಗೊತ್ತಾಗುತ್ತದೆ.

ಅಂದರೆ ತೊಟ್ಟಿಯ ಮುಂದೆ ಕೂತು "ಹಿಂದಕ್ಕೆ ಯಾಕೆ ಹೋಗಲ್ಲ" ಅಂತ ಕೇಳುವ ಮಗುವಿಗೆ "ಸುಮ್ನಿರು, ಓಡುತ್ತೆ ನೋಡು" ಅನ್ನುವುದು ಸರಿಯಾದ ಉತ್ತರವಲ್ಲ. ಆ ಮಗು ಕೇಳುತ್ತಿರುವುದು ನೂರಕ್ಕೂ ಹೆಚ್ಚು ವರ್ಷ ದೊಡ್ಡವರನ್ನು ಕಾಡಿದ ಪ್ರಶ್ನೆಗಳ ಮನೆತನದ್ದು.

ಓಡಿಸುವಾಗ

ಅಕ್ಕನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಹಾಗಾದ್ರೆ ನಮ್ಮನೆ ದೋಣಿ ಯಾಕೆ ನಿಂತುಹೋಗ್ತಿತ್ತು?" ಅಂದಳು. ಅದಕ್ಕೂ ಉತ್ತರ ಇದೆ, ಅದು ನಮ್ಮ ಸೀಮೆಯ ನೀರಿನಲ್ಲೇ ಇದೆ. ಚಿತ್ರದುರ್ಗ, ಚಳ್ಳಕೆರೆ ಕಡೆಯ ಬೋರ್‌ವೆಲ್ ನೀರು ಗಡಸು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಪ್ರತಿ ಟಪ್‌ಗೂ ಒಂದಿಷ್ಟು ನೀರು ಆವಿಯಾಗಿ ಒಂದಿಷ್ಟು ಸುಣ್ಣ ಡಬ್ಬಿಯೊಳಗೆ ಉಳಿಯುತ್ತದೆ. ಪದರ ದಪ್ಪವಾದಷ್ಟೂ ಶಾಖ ನೀರಿಗೆ ತಲುಪುವುದು ಕಡಿಮೆ. ಸಣ್ಣ ಕೊಳವೆ ಮುಚ್ಚಿಯೂ ಹೋಗಬಹುದು. ಆರ್‌ಒ ಫಿಲ್ಟರ್ ನೀರು ಅಥವಾ ಹಿಡಿದಿಟ್ಟ ಮಳೆನೀರು ಹಾಕಿದರೆ ಈ ತೊಂದರೆ ಬಹಳ ಕಡಿಮೆ. ಆಗಲೇ ಕಟ್ಟಿಕೊಂಡಿದ್ದರೆ ಒಳಗೆ ಸೋಸಿದ ನಿಂಬೆರಸ ತುಂಬಿ ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ತೊಳೆಯಿರಿ. ರಾತ್ರಿಯಿಡೀ ಬಿಡಬೇಡಿ, ಹುಳಿ ತಗಡನ್ನೂ ತಿನ್ನುತ್ತದೆ.

ಶುರು ಮಾಡುವಾಗ ಡಬ್ಬಿ ಪೂರ್ತಿ ತುಂಬಬೇಕು. ಸೂಜಿ ಇಲ್ಲದ ಸಿರಿಂಜಿನಿಂದ ಒಂದು ಕೊಳವೆಗೆ ನೀರು ಬಿಡಿ, ಇನ್ನೊಂದರಿಂದ ಗುಳ್ಳೆ ನಿಂತು ನೀರೇ ಬರುವ ತನಕ. ಎರಡೂ ಬಾಯಿಯನ್ನು ಬೆರಳಿನಿಂದ ಒತ್ತಿ ಹಿಡಿದು ದೋಣಿಯನ್ನು ನೀರಿಗಿಟ್ಟ ಮೇಲೆ ಬೆರಳು ತೆಗೆಯಿರಿ. ದೀಪಕ್ಕೆ ಹತ್ತಿಯ ತೆಳು ಬತ್ತಿ, ಅಡುಗೆ ಎಣ್ಣೆ ಸಾಕು. ಡಬ್ಬಿ ಒಣಗಿದ್ದಾಗ ದೀಪ ಉರಿಸಬೇಡಿ, ಬೆಸುಗೆ ಕರಗಿ ಬಿಟ್ಟುಕೊಳ್ಳುತ್ತದೆ. ಮಕ್ಕಳಿದ್ದರೆ ದೀಪ ಹಚ್ಚುವ ಕೆಲಸ ದೊಡ್ಡವರದ್ದು. ತಗಡಿನ ಅಂಚು ಹರಿತ, ಅಗ್ಗದ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯೂ ಇದೆ, ಹಾಗಾಗಿ ಬಾಯಿಗೆ ಹಾಕುವ ವಯಸ್ಸಿನ ಮಕ್ಕಳ ಕೈಗೆ ಬೇಡ. ಆಟ ಮುಗಿದ ಮೇಲೆ ಕೊಳವೆ ಕೆಳಮುಖ ಮಾಡಿ ನೀರು ಬಸಿದು ಒರೆಸಿಡಿ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ.

ಜಾತ್ರೆ ತನಕ ಕಾಯಲು ಆಗದವರು ಮನೆಯಲ್ಲೇ ಮಾಡಿಕೊಳ್ಳಬಹುದು. ಫ್ರಿಜ್ ರಿಪೇರಿ ಮಾಡುವವರ ಹತ್ತಿರ ತೆಳು ತಾಮ್ರದ ಕೊಳವೆ ಸಿಗುತ್ತದೆ. ಅದನ್ನು ಪೆನ್ನಿನ ಸುತ್ತ ಎರಡು ಮೂರು ಸುತ್ತು ಸುತ್ತಿ, ಎರಡೂ ತುದಿಗಳನ್ನು ಹಿಂದಕ್ಕೆ ನೀರಿನೊಳಗೆ ಬಿಟ್ಟು, ಸುರುಳಿಯ ಕೆಳಗೆ ದೀಪ ಇಟ್ಟರೆ ಆ ಸುರುಳಿಯೇ ಬಾಯ್ಲರ್. ಬಾಗುವ ಹಾಳೆ ಇಲ್ಲದ್ದರಿಂದ ಟಪಟಪ ಅನ್ನುವುದಿಲ್ಲ, ಆದರೂ ಓಡುತ್ತದೆ. ಸದ್ದು ಓಟಕ್ಕೆ ಬೇಕಿಲ್ಲ ಅಂತ ಮಕ್ಕಳಿಗೆ ತೋರಿಸಲು ಎರಡನ್ನೂ ಒಂದೇ ಬೋಗುಣಿಯಲ್ಲಿ ಒಟ್ಟಿಗೆ ಬಿಡಿ.